ಈ ಬ್ಯಾಸಗಿಗಿ ಏನ್ ಓದ್ಲಿಕತ್ತೀರಿ?

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳ ಸರ್ಕಾರಿ ಕಚೇರಿಗಳಿಗೆ ಬೇರೆಯದೇ ವೇಳಾಪಟ್ಟಿ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದರೆ ಮಧ್ಯಾಹ್ನ 1.30ಕ್ಕೆ ಕೆಲಸ ಮುಗಿಯಿತು. ವಿಜಯಪುರ, ಬಾಗಲಕೋಟೆಗಳಿಗೂ ಇದೇ ಆದೇಶ ಹೊರಡುತ್ತದೆ. ಬಿಸಿಲಿನ ಮುಂದೆ ಸರ್ಕಾರವೂ ತಲೆಬಾಗಿ ಬರೆದ ಆದೇಶ ಇದು. ಆ ಹೊತ್ತಿನ ಮೇಲೆ ಹುಮನಾಬಾದಿನ ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳು ಅರ್ಧ ಶಟರ್ ಇಳಿಸುತ್ತವೆ. ಬಸವಕಲ್ಯಾಣದಲ್ಲಿ ಕೋಟೆಯ ಕಡೆಯಿಂದ ಬಸವೇಶ್ವರ ಗುಡಿಯ ಕಡೆಗೆ ಬರುವ ದಾರಿಯಲ್ಲಿ ಜನ ಮತ್ತೆ ಕಾಣುವುದು ಐದರ ನಂತರವೇ.

ನಡುವೆ ಮೂರು ನಾಲ್ಕು ತಾಸು ಉಳಿಯುತ್ತದೆ. ಕೆಲವರು ಮಲಗುತ್ತಾರೆ, ಕೆಲವರು ಫೋನ್ ಹಿಡಿಯುತ್ತಾರೆ, ಕೆಲವರು ಕಥೆ ಓದುತ್ತಾರೆ. ಕಥೆ ಓದುವವರು ಈ ಎರಡು ತಾಲ್ಲೂಕುಗಳಲ್ಲಿ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ ಎಂಬುದು ನನ್ನ ನಂಬಿಕೆ. ಕೊರತೆ ಇರುವುದು ಬೇರೆ ಕಡೆ. ಒಬ್ಬರು ಓದುವುದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಊಟ ಆಯ್ತೇನು, ಲಗ್ನ ಎಲ್ಲಿ, ನೀರು ಬಂತೇನು ಎಂದೆಲ್ಲ ಬಾಯಿ ತುಂಬ ಕೇಳುವ ನಾವು ‘ಏನ್ ಓದ್ಲಿಕತ್ತೀರಿ?’ ಎಂದು ಕೇಳುವುದನ್ನು ಬಿಟ್ಟುಬಿಟ್ಟಿದ್ದೇವೆ. ಹಿಂದೆ ಹೀಗಿರಲಿಲ್ಲ. ಈ ಸೀಮೆಯಲ್ಲಿ ಕಥೆಗೂ ಬೇಸಿಗೆಗೂ ಹಳೆಯ ನಂಟಿದೆ. ಕಥೆಯನ್ನು ಒಬ್ಬರೇ ಇಟ್ಟುಕೊಳ್ಳುವ ರೂಢಿ ಇಲ್ಲಿಯದಲ್ಲ.

ಆ ನಂಟಿಗೆ ಕಾರಣ ನೆಲದಲ್ಲೇ ಇದೆ. ಬೀದರ್ ಜಿಲ್ಲೆ ದಖ್ಖನ್ ಪ್ರಸ್ಥಭೂಮಿಯ ಮೇಲಿದೆ. ಸಮುದ್ರ ದೂರ, ಗಾಳಿ ಒಣ, ಏಪ್ರಿಲ್ ನಡುವಿನಿಂದಲೇ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ತೊಗರಿ ಜನವರಿಗೆ ಮುಗಿದಿರುತ್ತದೆ, ಹಿಂಗಾರಿ ಜೋಳದ ರಾಶಿ ಯುಗಾದಿಯ ಆಸುಪಾಸಿಗೆ ಕಣದಿಂದ ಮನೆಗೆ ಬಂದಿರುತ್ತದೆ, ಕಬ್ಬು ನುರಿಸುವ ಹಂಗಾಮೂ ಇಳಿದಿರುತ್ತದೆ. ಮೃಗಶಿರ ಮಳೆ ಬೀಳುವತನಕ ಹೊಲದಲ್ಲಿ ಕೆಲಸ ಕಡಿಮೆ. ಶಾಲೆಗಳಿಗೆ ರಜೆ. ಇತ್ತ ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳು ಮಧ್ಯಾಹ್ನದತನಕ ತಂಪಾಗಿರುತ್ತವೆ. ಹಗಲೆಲ್ಲ ಕುಡಿದ ಬಿಸಿಯನ್ನು ಆ ಗೋಡೆಗಳು ಹೊರಗೆ ಬಿಡುವುದು ರಾತ್ರಿ. ಹಾಗಾಗಿ ಕತ್ತಲಾದರೆ ಮನೆಯೊಳಗೆ ಕೂಡಲಾಗದು, ಹಾಸಿಗೆಗಳು ಮಾಳಿಗೆ ಏರುತ್ತವೆ. ಒಣ ಹವೆಯಲ್ಲಿ ಬಯಲು ಬೇಗ ತಣಿಯುತ್ತದೆ. ಒಂದೇ ಮಾಳಿಗೆಯ ಮೇಲೆ ಅಜ್ಜಿ, ಮೊಮ್ಮಕ್ಕಳು, ರಜೆಗೆ ಬಂದ ಮಗಳು, ಅಳಿಯ ಎಲ್ಲರೂ ಸಾಲಾಗಿ ಮಲಗಿದಾಗ ನಿದ್ದೆ ಬರುವತನಕ ಮಾಡುವುದಾದರೂ ಏನು? ಕಥೆ ಹೇಳಬೇಕು, ಕೇಳಬೇಕು. ಪಕ್ಕದ ಮಾಳಿಗೆಯವರೂ ಕೇಳುತ್ತಿರುತ್ತಾರೆ. ಊರ ಜಾತ್ರೆಗೆ ಹೂಡುವ ನಾಟಕ, ಬಯಲಾಟಗಳೂ ಇದೇ ತಿಂಗಳುಗಳ ರಾತ್ರಿಯವು. ಸೀಮೆಯ ವರ್ಷದಲ್ಲಿ ಕಥೆಗೆಂದೇ ಒಂದು ಹಂಗಾಮು ಇತ್ತು, ಅದು ಬೇಸಿಗೆ.

ಇದಕ್ಕೆ ಎಷ್ಟು ಹಿಂದಿನ ಬೇರು ಬೇಕಾದರೂ ತೋರಿಸಬಹುದು. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ವಿಶ್ವಕೋಶ. ರಾಜ್ಯಾಡಳಿತ, ಆನೆ, ಅಡುಗೆ, ಸಂಗೀತ, ಚಿತ್ರಕಲೆ ಎಲ್ಲವೂ ಅದರಲ್ಲಿವೆ. ಯಾವ ಋತುವಿನಲ್ಲಿ ಯಾವ ನೀರು ಕುಡಿಯಬೇಕೆಂಬ ವಿವರವೂ ಉಂಟು. ಅರಸನ ವಿನೋದಗಳನ್ನು ಪಟ್ಟಿ ಮಾಡುವಾಗ ಸೋಮೇಶ್ವರ ಗೀತ, ವಾದ್ಯ, ನೃತ್ಯಗಳ ಪಂಕ್ತಿಯಲ್ಲೇ ಕಥಾವಿನೋದಕ್ಕೂ ಜಾಗ ಕೊಟ್ಟಿದ್ದಾನೆ. ಕಥೆ ಕೇಳುವುದು ಕೆಲಸವಿಲ್ಲದವರ ಹವ್ಯಾಸ ಎಂದು ಆತ ಭಾವಿಸಲಿಲ್ಲ. ದೊರೆಯಾದವನು ಕಲಿಯಬೇಕಾದ ಸುಖಗಳಲ್ಲಿ ಅದೂ ಒಂದು ಎಂದ. ಅವನಿಗಿಂತ ಸುಮಾರು ನೂರು ವರ್ಷ ಮೊದಲು, ಚಾಲುಕ್ಯ ಇಮ್ಮಡಿ ಜಯಸಿಂಹನ ಆಳ್ವಿಕೆಯಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಪಂಚತಂತ್ರದ ಕಥೆಗಳನ್ನು ಕನ್ನಡಕ್ಕೆ ತಂದ. ಯುದ್ಧ, ಒಪ್ಪಂದಗಳ ಲೆಕ್ಕ ನೋಡುವ ಅಧಿಕಾರಿ ನರಿ, ಎತ್ತು, ಕಾಗೆಗಳ ಕಥೆ ಬರೆಯಲು ಕುಳಿತನೆಂಬುದು ನನಗೆ ತುಂಬ ಇಷ್ಟವಾದ ಸಂಗತಿ.

ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ರಾಜಧಾನಿಯನ್ನು ಬೀದರಿಗೆ ತಂದ ಕಾಲದಲ್ಲಿ ನಿಜಾಮಿ ಎಂಬ ಕವಿ ದಖ್ಖನಿ ಭಾಷೆಯಲ್ಲಿ ಒಂದು ಕಥನಕಾವ್ಯ ಬರೆದ, ‘ಕದಮ್ ರಾವ್ ಪದಮ್ ರಾವ್’. ಕದಮ್ ರಾವ್ ರಾಜ, ಪದಮ್ ರಾವ್ ಅವನ ಮಂತ್ರಿ. ಆ ಮಂತ್ರಿ ನಾಗ. ದಖ್ಖನಿಯಲ್ಲಿ ಉಳಿದು ಬಂದಿರುವ ಅತಿ ಹಳೆಯ ದೀರ್ಘಕಥನ ಅದು. ಹುಮನಾಬಾದಿನ ಗಲ್ಲಿಯಲ್ಲಿ ಇವತ್ತು ಕಿವಿಗೆ ಬೀಳುವ ಮಾತಿನ ಪೂರ್ವಜರು ಆರು ನೂರು ವರ್ಷಗಳ ಹಿಂದೆ ಇದೇ ಜಿಲ್ಲೆಯಲ್ಲಿ ಕಥೆ ಕಟ್ಟಿದ್ದರು. ನಮ್ಮ ಶಾಲೆಯ ಮಕ್ಕಳಿಗೆ ಇದನ್ನು ಹೇಳಿಕೊಡುವವರು ಕಡಿಮೆ.

ಈಗ ಬಸವಕಲ್ಯಾಣದ ಮಾತಿಗೆ ಬರೋಣ. ಕನ್ನಡದ ಯಾವ ಊರಿಗೂ ಇಲ್ಲದ ಒಂದು ಭಾಗ್ಯ ಮತ್ತು ಒಂದು ಕಷ್ಟ ಈ ಊರಿಗಿದೆ. ಇದು ಬೇರೆ ಊರುಗಳ ಲೇಖಕರು ಮತ್ತೆಮತ್ತೆ ಬಂದು ಕಥೆ ಕಟ್ಟಿದ ಊರು. ಬಿ. ಪುಟ್ಟಸ್ವಾಮಯ್ಯನವರು ಬಸವಣ್ಣ, ಬಿಜ್ಜಳರ ಕಾಲವನ್ನು ಒಂದೇ ಕಾದಂಬರಿಯಲ್ಲಿ ಹಿಡಿಯಲಾಗದೆ ಆರು ಬರೆದರು: ಉದಯರವಿ, ರಾಜ್ಯಪಾಲ, ಕಲ್ಯಾಣೇಶ್ವರ, ನಾಗಬಂಧ, ಮುಗಿಯದ ಕನಸು, ಕ್ರಾಂತಿ ಕಲ್ಯಾಣ. ಕೊನೆಯದಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪಿ. ಲಂಕೇಶರು ‘ಸಂಕ್ರಾಂತಿ’ ನಾಟಕ ಬರೆದರು. ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ ಬಂತು. ಗಿರೀಶ ಕಾರ್ನಾಡರು 1990ರಲ್ಲಿ ‘ತಲೆದಂಡ’ ಪ್ರಕಟಿಸಿದರು, 1994ರಲ್ಲಿ ಅದಕ್ಕೂ ಅಕಾಡೆಮಿ ಪ್ರಶಸ್ತಿ ದೊರೆಯಿತು. ಎಲ್ಲರ ಕಥೆಯೂ ಕಲ್ಯಾಣದ ಬೀದಿಗಳಲ್ಲೇ ನಡೆಯುತ್ತದೆ.

ಇಷ್ಟೊಂದು ಲೇಖಕರು ಇಲ್ಲಿಗೇ ಏಕೆ ಬಂದರು? 12ನೇ ಶತಮಾನದ ಆ ಕೆಲವೇ ವರ್ಷಗಳ ಬಗ್ಗೆ ಶಾಸನಗಳು ಹೇಳುವುದು ಬಹಳ ಸ್ವಲ್ಪ. ಬಸವಣ್ಣನ ಹೆಸರು ಸ್ಪಷ್ಟವಾಗಿ ಸಿಗುವ ಪ್ರಸಿದ್ಧ ಶಾಸನ ಬೆಳಗಾವಿ ಸೀಮೆಯ ಅರ್ಜುನವಾಡದ್ದು, ಅದು 1260ರದು, ಅಂದರೆ ಸುಮಾರು ಒಂದು ಶತಮಾನದ ನಂತರದ್ದು. ಉಳಿದದ್ದು ಕವಿಗಳ ಕೈಯಲ್ಲಿದೆ. ಹರಿಹರನ ರಗಳೆ ಒಂದು ಬಗೆಯಲ್ಲಿ ಹೇಳುತ್ತದೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ ಇನ್ನೊಂದು ಬಗೆಯಲ್ಲಿ, 1369ರಲ್ಲಿ ಅದನ್ನು ಕನ್ನಡಕ್ಕೆ ತಂದ ಭೀಮಕವಿ ಮತ್ತೊಂದು ಬಗೆಯಲ್ಲಿ. ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ಲಗ್ನವಾಯಿತು, ಅದರ ಬೆಲೆಯನ್ನು ಅಪ್ಪಂದಿರಿಬ್ಬರೂ ಪ್ರಾಣದಿಂದ ತೆತ್ತರು, ರಾಜಧಾನಿ ಹೊತ್ತಿ ಉರಿಯಿತು, ಶರಣರು ಚದುರಿಹೋದರು. ಇಷ್ಟು ಎಲ್ಲರಿಗೂ ಗೊತ್ತು. ಆ ಹುಡುಗಿ ಅಂದು ಬೆಳಿಗ್ಗೆ ಏನು ಯೋಚಿಸಿದಳು? ಹರಳಯ್ಯನ ಹೆಂಡತಿ ಆ ಸಂಬಂಧಕ್ಕೆ ಮನಸಾರೆ ಒಪ್ಪಿದಳೋ, ಹೆದರಿದಳೋ? ಬಿಜ್ಜಳ ಬಸವಣ್ಣನ ಮುಖ ನೋಡಿ ಒಬ್ಬನೇ ಕುಳಿತಾಗ ಏನೆಂದುಕೊಂಡ? ಈ ಪ್ರಶ್ನೆಗಳಿಗೆ ಶಾಸನದಲ್ಲಿ ಉತ್ತರ ಇಲ್ಲ. ಉತ್ತರ ಕಟ್ಟುವುದು ಕಾದಂಬರಿಕಾರನ, ನಾಟಕಕಾರನ ಕೆಲಸ.

ಈ ಬೇಸಿಗೆಗೆ ನಾನು ಓದುತ್ತಿರುವುದು ‘ಕ್ರಾಂತಿ ಕಲ್ಯಾಣ’. ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಗೆ ‘ಕುರುಕ್ಷೇತ್ರ’ ಬರೆದುಕೊಟ್ಟವರು. ರಂಗದ ಆ ಕೈ ಕಾದಂಬರಿಯಲ್ಲೂ ಕಾಣುತ್ತದೆ. ಅವರ ಪಾತ್ರಗಳು ಒಳಗೊಳಗೇ ಕೊರಗುವುದಕ್ಕಿಂತ ಎದುರೆದುರು ನಿಂತು ಮಾತಾಡುವುದು ಹೆಚ್ಚು. ಇವತ್ತಿನ ಓದುಗರಿಗೆ ಕೆಲವು ಕಡೆ ಮಾತು ಉದ್ದವಾಯಿತು ಅನ್ನಿಸಬಹುದು. ಆದರೆ ಇದನ್ನು ಗಟ್ಟಿಯಾಗಿ ಓದಿ ನೋಡಿ. ಉದ್ದ ಅನ್ನಿಸಿದ ಆ ಮಾತುಗಳೇ ನಾಲ್ಕು ಜನ ಕುಳಿತು ಕೇಳುವ ಓದಿಗೆ ಸರಿಯಾದ ಅಳತೆಯವು ಎಂದು ಗೊತ್ತಾಗುತ್ತದೆ. ಮೌನವಾಗಿ ಓದುವವನಿಗಿಂತ ಕೂಡಿ ಕೇಳುವವರನ್ನು ನೆನೆದು ಬರೆದ ಗದ್ಯ ಅದು.

ಇನ್ನು ಕಷ್ಟದ ಮಾತು. ಈ ಕಥೆಯ ಪಾತ್ರಗಳು ಈ ಊರಿನಲ್ಲಿ ಪಾತ್ರಗಳಲ್ಲ. ಬಸವಣ್ಣ ಜನರ ಅಹವಾಲು ಕೇಳುತ್ತಿದ್ದ ಜಾಗವೆಂದು ನಂಬುವ ಪರುಷಕಟ್ಟೆಗೆ ಇಲ್ಲಿ ಜನ ಕೈಮುಗಿಯುತ್ತಾರೆ. ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ದೂರದ ಶರಣರು ಬಂದು ಇಳಿದರೆನ್ನುವ ಬಂದವರ ಓಣಿ, ಎಲ್ಲವೂ ಇಂದಿಗೂ ನಡೆದು ತಲುಪುವ ಅಂತರದಲ್ಲಿವೆ. ಬಸವ ಜಯಂತಿ ಬರುವುದೂ ವೈಶಾಖದ ಈ ಬಿಸಿಲಿನಲ್ಲೇ. ಅಂಥ ಊರಿನಲ್ಲಿ ಬಸವಣ್ಣನ ಕಾದಂಬರಿ ಓದಿ ಮುಗಿಸಿದವರ ಮೊದಲ ಪ್ರಶ್ನೆ ‘ಇದು ಖರೇ ಏನ್ರೀ?’ ಎಂಬುದು. ಚಂದ ಇದೆಯೇ ಎಂದು ಕೇಳುವುದು ಆಮೇಲೆ. ನನಗೆ ಈ ಪ್ರಶ್ನೆಯ ಮೇಲೆ ಗೌರವವಿದೆ. ತಮ್ಮ ಹಿರಿಯರ ಬಗ್ಗೆ ಯಾರೋ ಏನೋ ಬರೆದಾಗ ಮನೆಯವರು ಕೇಳುವ ಪ್ರಶ್ನೆ ಅದು. ಆದರೆ ಅಲ್ಲಿಗೇ ನಿಂತರೆ ಕಾದಂಬರಿಯ ಮುಕ್ಕಾಲು ಪಾಲು ಓದದೆ ಉಳಿಯುತ್ತದೆ.

ಈ ಪ್ರಶ್ನೆ ನ್ಯಾಯಾಲಯದತನಕವೂ ಹೋಗಿದೆ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯಲ್ಲಿ ಬಸವಣ್ಣ ಮತ್ತು ಅಕ್ಕನಾಗಮ್ಮನ ಚಿತ್ರಣಕ್ಕೆ ವಿರೋಧ ಬಂದು ರಾಜ್ಯ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು, 2007ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ‘ಮಹಾಚೈತ್ರ’ದ ಮೇಲೂ ದೊಡ್ಡ ವಿವಾದ ನಡೆದಿತ್ತು. ಅವುಗಳ ಸರಿತಪ್ಪು ಇಲ್ಲಿ ನನ್ನ ವಿಷಯವಲ್ಲ. ಕೂಡಿ ಓದುವ, ಓದಿದ್ದನ್ನು ಮುಖಾಮುಖಿ ಮಾತಾಡುವ ರೂಢಿ ಇದ್ದ ಕಡೆ ಭಿನ್ನಾಭಿಪ್ರಾಯಕ್ಕೆ ಕಟ್ಟೆಯ ಮೇಲೇ ಜಾಗ ಸಿಗುತ್ತದೆ ಎಂಬುದಷ್ಟೇ ನನ್ನ ತಿಳಿವಳಿಕೆ. ಬೇರೆ ಬೇರೆ ಕಸುಬಿನ, ಬೇರೆ ಬೇರೆ ಊರಿನ ಗಂಡಸರು ಹೆಂಗಸರು ಒಂದೆಡೆ ಕುಳಿತು ಒಬ್ಬರ ಮಾತನ್ನು ಒಬ್ಬರು ಒರೆಗೆ ಹಚ್ಚಿದ ಅನುಭವ ಮಂಟಪದ ಊರಿಗೆ ಇದನ್ನು ಹೊರಗಿನವರು ಬಂದು ಕಲಿಸಬೇಕಿಲ್ಲ.

‘ತಲೆದಂಡ’ವನ್ನೂ ‘ಸಂಕ್ರಾಂತಿ’ಯನ್ನೂ ಬಸವಕಲ್ಯಾಣದವರು ಒಂದರ ಹಿಂದೆ ಒಂದು ಓದಬೇಕೆಂದು ನನ್ನ ಆಸೆ. ಕಾರ್ನಾಡರು ಮಂಡಲ್, ಮಂದಿರಗಳ ಗದ್ದಲದ ದಿನಗಳಲ್ಲಿ ಕುಳಿತು ಕಲ್ಯಾಣವನ್ನು ನೋಡಿದರು. ಅವರ ಬಿಜ್ಜಳ ಕ್ಷೌರಿಕ ಕುಲದಿಂದ ಬಂದು ಸಿಂಹಾಸನವೇರಿದರೂ ಜಾತಿಯ ಗಾಯ ಮಾಯದ ಮನುಷ್ಯ. ಲಂಕೇಶರು ಇನ್ನೂ ಕೆಳಗಿನಿಂದ ನೋಡಿದರು. ಅವರ ರುದ್ರ ಮತ್ತು ಉಜ್ಜ ಹೊಸ ಧರ್ಮ ತಮ್ಮ ಕೇರಿಗೆ ಬಂದಾಗ ಏನು ಕೊಟ್ಟಿತು, ಏನು ಕಿತ್ತುಕೊಂಡಿತು ಎಂದು ನಮ್ಮನ್ನು ಕೇಳುತ್ತಾರೆ. ಒಂದೇ ಊರು, ಒಂದೇ ವರ್ಷ, ಎರಡು ಕಣ್ಣು. ಎರಡನ್ನೂ ಓದಿದವರು ಇಬ್ಬರು ಸೇರಿದರೆ ಒಂದು ಸಂಜೆಗೆ ಮಾತು ಸಾಲದು.

ಹುಮನಾಬಾದ್ ಇಲ್ಲಿಂದ ಹೆಚ್ಚು ದೂರವಿಲ್ಲ, ಆದರೆ ಅಲ್ಲಿನ ಓದಿನ ಸಂಗತಿ ಬೇರೆ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯೂ ಕಲಬುರಗಿಯಿಂದ ಬೀದರಿಗೆ ಹೋಗುವ ರಸ್ತೆಯೂ ಕೂಡುವ ಊರು ಅದು. 2017ರಿಂದ ಕಲಬುರಗಿ–ಬೀದರ್ ರೈಲೂ ಅಲ್ಲಿ ನಿಲ್ಲುತ್ತದೆ. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಅಲ್ಲಿ ಸಂತೆಯ ಮಾತುಗಳು. ಊರ ಪಕ್ಕದ ಮಾಣಿಕನಗರದಲ್ಲಿ ನೆಲೆಸಿದ್ದ 19ನೇ ಶತಮಾನದ ಮಾಣಿಕಪ್ರಭುಗಳು ಹಲವು ಭಾಷೆಗಳಲ್ಲಿ ಪದ ಕಟ್ಟಿದವರು. ಅವರು ಹುಟ್ಟಿದ್ದು ಬಸವಕಲ್ಯಾಣದ ಕಡೆಯ ಲಾಡವಂತಿಯಲ್ಲಿ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಗುಡಿಯ ಗೋಡೆಯ ಮೇಲಿನ ಒಬ್ಬ ಶಿಲಾಬಾಲಿಕೆಯಂತೂ ಕೈಯಲ್ಲಿ ಲೇಖನಿ ಹಿಡಿದು ಫಲಕದ ಮೇಲೆ ವಿಕ್ರಮಾದಿತ್ಯನ ಸ್ತುತಿ ಬರೆಯುತ್ತಿದ್ದಾಳೆ. ಬರೆಯುತ್ತಿರುವ ಹೆಣ್ಣನ್ನು ಕಲ್ಲಿನಲ್ಲಿ ಕಡೆದ ಶಿಲ್ಪಿ ಈ ಮಣ್ಣಿನವನು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ರಜೆಯಲ್ಲಿ ಮಕ್ಕಳನ್ನು ಕರೆದೊಯ್ದು ತೋರಿಸಬೇಕಾದ ಶಿಲ್ಪ ಅದು, ಬೆಳಿಗ್ಗೆ ಹತ್ತರೊಳಗೆ.

ಹುಮನಾಬಾದಿನ ಗೆಳೆಯರಿಗೆ ಈ ಬೇಸಿಗೆಯಲ್ಲಿ ನಾನು ಹೇಳುತ್ತಿರುವ ಹೆಸರು ಬಾನು ಮುಷ್ತಾಕ್. 2025ರ ಮೇ 20ರಂದು ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು, ಅನುವಾದಿಸಿದವರು ದೀಪಾ ಭಾಸ್ತಿ. ಒಂದು ಕಥಾಸಂಕಲನಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಸುದ್ದಿಯನ್ನು ಎಲ್ಲರೂ ಹಂಚಿಕೊಂಡರು, ಕಥೆಗಳನ್ನು ಹಂಚಿಕೊಂಡವರು ಅಷ್ಟಿಲ್ಲ. ಅವರ ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಕೈಬಿಟ್ಟ ಹೆಣ್ಣೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಲು ಮಸೀದಿಯ ಮುತವಲ್ಲಿಯ ಬಾಗಿಲಿಗೆ ಬರುತ್ತಾಳೆ. ಗಿರೀಶ ಕಾಸರವಳ್ಳಿ ಅವರ ‘ಹಸೀನಾ’ ಸಿನಿಮಾ ಹುಟ್ಟಿದ್ದು ಈ ಕಥೆಯಿಂದ. ಮನೆಯಲ್ಲಿ ದಖ್ಖನಿ, ಬರೆಯಲು ಕನ್ನಡ ಎಂಬ ಈ ಲೇಖಕಿಯ ಸ್ಥಿತಿ ಹುಮನಾಬಾದಿನ ನೂರಾರು ಮನೆಗಳದು. ಅಲ್ಲಿನ ಕನ್ನಡ ಶಾಲೆಯಲ್ಲಿ ಓದುವ ಹುಡುಗಿಯರ ಕೈಗೆ ಈ ಕಥೆಗಳು ಸಿಕ್ಕರೆ ತಮ್ಮ ಮನೆಯ ಮಾತಿನ ನಾಡಿಮಿಡಿತ ಕನ್ನಡದ ಸಾಲುಗಳಲ್ಲಿ ಹೇಗೆ ಕೇಳಿಸುತ್ತದೆ ಎಂದು ಅವರಿಗೇ ತಿಳಿಯುತ್ತದೆ. ಬಾನು ಅವರ ಒಂದು ಸಂಕಲನದ ಹೆಸರೇ ‘ಬೆಂಕಿ ಮಳೆ’. ಮೇ ತಿಂಗಳಲ್ಲಿ ಇಲ್ಲಿ ಓದಲು ಇದಕ್ಕಿಂತ ತಕ್ಕ ಹೆಸರಿಲ್ಲ.

ನಮ್ಮ ಸೀಮೆಯ ಆಡುಮಾತನ್ನೇ ಕಾದಂಬರಿಯಲ್ಲಿ ಕೇಳಬೇಕೆಂದರೆ ಗೀತಾ ನಾಗಭೂಷಣರ ‘ಬದುಕು’ ಇದೆ. ಕಲಬುರಗಿ ಬಳಿಯ ಸವಳಗಿಯಲ್ಲಿ 1942ರಲ್ಲಿ ಹುಟ್ಟಿದ ಅವರು ಈ ಕಾದಂಬರಿಗಾಗಿ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಲೇಖಕಿ ಅವರು. ದುಡಿದು ಉಣ್ಣುವವರ ಓಣಿ, ಅಲ್ಲಿನ ಜಗಳ, ಬೈಗುಳ, ಪ್ರೀತಿ, ದೇವರು, ಹಸಿವು ಎಲ್ಲ ಅದರಲ್ಲಿ ನಮ್ಮದೇ ಬಾಯಿಯಿಂದ ಬಂದ ಹಾಗಿವೆ. ಮೈಸೂರು ಕಡೆಯ ಓದುಗರು ಒಮ್ಮೊಮ್ಮೆ ಇದರ ಭಾಷೆಗೆ ತಡವರಿಸುತ್ತಾರೆ. ನಮ್ಮಲ್ಲಿ ಅಕ್ಷರ ಕಲಿಯದ ಹೆಂಗಸೂ ಓದಿ ಹೇಳಿದರೆ ಒಂದು ಶಬ್ದವನ್ನೂ ಕೇಳಿ ತಿಳಿಯಬೇಕಿಲ್ಲ. ಬೇಸಿಗೆಯ ಮಧ್ಯಾಹ್ನ ಮೂರ್ನಾಲ್ಕು ಮನೆಯ ಹೆಂಗಸರು ಒಂದೆಡೆ ಕೂಡಿ ಶಾವಿಗೆ, ಹಪ್ಪಳ, ಸಂಡಿಗೆ ಮಾಡುತ್ತಾರಲ್ಲ, ಅಲ್ಲಿ ಕೈಗೆ ಕೆಲಸವಿದೆ, ಕಿವಿ ಖಾಲಿ ಇದೆ. ಕಾಲೇಜು ಓದುವ ಮಗಳು ‘ಬದುಕು’ವಿನ ಹತ್ತು ಪುಟ ಗಟ್ಟಿಯಾಗಿ ಓದಲಿ. ಮರುದಿನ ಆ ಹೆಂಗಸರೇ ‘ಮುಂದ ಏನಾತು?’ ಎಂದು ಕೇಳುತ್ತಾರೆ. ಧಾರಾವಾಹಿ ನೋಡುವ ಅದೇ ಕುತೂಹಲ, ಆದರೆ ಇಲ್ಲಿ ಕಾಣುವುದು ಅವರದೇ ಓಣಿ.

ಬಿಸಿಲಿನಲ್ಲಿ ಬಿಸಿಲಿನ ಕಥೆಯನ್ನೇ ಓದಬೇಕೆಂದೇನೂ ಇಲ್ಲ. ಹೊರಗೆ 42 ಡಿಗ್ರಿ ಇರುವಾಗ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತೆರೆದವರಿಗೆ ಆ ಕಾಡು, ಆ ಜಡಿಮಳೆ, ಇಂಬಳ ಹತ್ತುವ ಆ ದಾರಿ ಮಲೆನಾಡಿನವರಿಗೆ ಕಾಣುವುದಕ್ಕಿಂತ ಬೇರೆಯಾಗಿ ಕಾಣುತ್ತವೆ. ಅವರಿಗೆ ಅದು ನೆನಪು, ನಮಗೆ ಅದು ಹೊಸ ಲೋಕ. ಕಾರಂತರ ‘ಬೆಟ್ಟದ ಜೀವ’ವೂ ಹಾಗೆಯೇ, ಸುಬ್ರಹ್ಮಣ್ಯದ ಬಳಿಯ ಆ ತೋಟ, ಗೋಪಾಲಯ್ಯನವರ ಆತಿಥ್ಯ. ನನ್ನ ಮಟ್ಟಿಗೆ ಈ ಎರಡೂ ಪುಸ್ತಕಗಳು ಬಯಲುಸೀಮೆಯ ಬೇಸಿಗೆಗೆ ಬರೆದವು.

ಪುಸ್ತಕ ಕೈಯಿಂದ ಕೈಗೆ ಹೋಗುವುದು ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಕನ್ನಡ ಕಾದಂಬರಿಯ ಆರಂಭದ ದಿನಗಳಲ್ಲಿ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರ ಮನೆಗೆ ಪುಸ್ತಕ ಕಳಿಸಿತು. 1956ರಿಂದ ಹುಬ್ಬಳ್ಳಿಯ ‘ಕಸ್ತೂರಿ’ ತನ್ನ ಪುಸ್ತಕ ವಿಭಾಗದಲ್ಲಿ ಒಂದಿಡೀ ಗ್ರಂಥದ ಸಾರವನ್ನೇ ಕೊಡುತ್ತ ಬಂತು. ಯುಗಾದಿ ವಿಶೇಷಾಂಕ ಒಂದು ಮನೆಗೆ ಬಂದರೆ ಮೇ ಮುಗಿಯುವ ಹೊತ್ತಿಗೆ ರಟ್ಟು ಹರಿದು ಓಣಿಯ ಕೊನೆಯ ಮನೆಯಲ್ಲಿರುತ್ತಿತ್ತು.

ಬೀದರ್ ಸೀಮೆಗೆ ಮಾತ್ರ ಈ ಭಾಗ್ಯ ತಡವಾಗಿ ಬಂತು. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಭಾಷೆ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ಜಿಲ್ಲೆಯ ಪ್ರತಿ ಮನೆಯೂ ಹೇಳುತ್ತದೆ. ಮೈಸೂರು, ಧಾರವಾಡಗಳಲ್ಲಿ ಜನ ಕಾದಂಬರಿ ಓದಿ ಚರ್ಚಿಸುತ್ತಿದ್ದ ದಶಕಗಳಲ್ಲಿ ಇಲ್ಲಿನವರು ಅಕ್ಷರಕ್ಕಾಗಿಯೇ ಹೆಣಗುತ್ತಿದ್ದರು. ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ ಬಂತು. ಅದಾದ ಹದಿನೆಂಟೇ ವರ್ಷಕ್ಕೆ, 1974ರಲ್ಲಿ ಮಂಡ್ಯದಲ್ಲಿ, ಬಸವಕಲ್ಯಾಣವನ್ನೇ ತಮ್ಮ ಊರಾಗಿಸಿಕೊಂಡ ಜಯದೇವಿತಾಯಿ ಲಿಗಾಡೆಯವರು ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು. ಅಷ್ಟು ವೇಗವಾಗಿ ಓದಿಗೆ ಬಂದ ಸೀಮೆ ಇದು. ಅದಕ್ಕೇ ಓದು ಇಲ್ಲಿ ಒಬ್ಬೊಬ್ಬರ ಕೋಣೆಗೆ ಸರಿದುಹೋಗುವುದನ್ನು ನೋಡಲು ನನಗೆ ಮನಸ್ಸಾಗುವುದಿಲ್ಲ.

ಬೇರೆ ಕಡೆ ಜನ ಏನು ಮಾಡಿದ್ದಾರೆ ನೋಡಿ. 1998ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ನ್ಯಾನ್ಸಿ ಪರ್ಲ್ ಎಂಬ ಗ್ರಂಥಪಾಲಕಿ ಇಡೀ ಊರು ಒಂದೇ ಕಾದಂಬರಿ ಓದಿ ಮಾತಾಡಲಿ ಎಂಬ ಯೋಜನೆ ಹೂಡಿದರು, ಅದು ಹಲವು ದೇಶಗಳಿಗೆ ಹಬ್ಬಿತು. ಅಷ್ಟು ದೂರ ಹೋಗುವುದೂ ಬೇಡ. ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಭಿಲಾರ್ 2017ರ ಮೇ ತಿಂಗಳಲ್ಲಿ ಪುಸ್ತಕಗಳ ಊರಾಯಿತು. ಸ್ಟ್ರಾಬೆರಿ ಬೆಳೆಯುವ ಆ ಹಳ್ಳಿಯವರು ತಮ್ಮ ಮನೆಯ ಪಡಸಾಲೆಗಳಲ್ಲೇ ಮರಾಠಿ ಪುಸ್ತಕಗಳನ್ನಿಟ್ಟು ಬಂದವರಿಗೆ ಕುಳಿತು ಓದಲು ಬಿಟ್ಟಿದ್ದಾರೆ. ಬಸವಕಲ್ಯಾಣದ ಹೆಸರಿನಲ್ಲಿ ಎಷ್ಟು ಪುಸ್ತಕಗಳಿವೆ! ಇಡೀ ಊರು ಒಂದು ಬೇಸಿಗೆ ‘ಕ್ರಾಂತಿ ಕಲ್ಯಾಣ’ ಓದಿ ಬಸವ ಜಯಂತಿಯ ಮರುದಿನ ಒಂದೆಡೆ ಕೂಡಿ ಮಾತಾಡಿದರೆ ಅದಕ್ಕೆ ಖರ್ಚೂ ಹೆಚ್ಚಿಲ್ಲ, ಅನುಮತಿಯೂ ಬೇಕಿಲ್ಲ.

ಬೇಕಾಗಿರುವುದು ಕುಳಿತು ಓದಲು ತಂಪಾದ ಜಾಗ, ಮತ್ತು ಪುಸ್ತಕ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಹಾಗಾಗಿ ಅಧಿಕಾರಿಗಳಲ್ಲಿ ಒಂದು ಕೋರಿಕೆ: ಏಪ್ರಿಲ್, ಮೇ ತಿಂಗಳಲ್ಲಿ ಎರಡೂ ತಾಲ್ಲೂಕುಗಳ ಗ್ರಂಥಾಲಯಗಳನ್ನು ಮಧ್ಯಾಹ್ನ 1.30ರಿಂದ 5ರವರೆಗೆ ತೆರೆದಿಡಿ. ಒಂದು ಫ್ಯಾನ್, ಒಂದು ಗಡಿಗೆ ನೀರು, ಒಂದು ಕಪಾಟು ಕಥೆ ಕಾದಂಬರಿ ಇರಲಿ. ಬಿಸಿಲಿಗೆ ಸಿಕ್ಕ ಕೂಲಿಯವರಿಗೂ, ಬಸ್ಸಿಗೆ ಕಾಯುವವರಿಗೂ ಅದು ನೆರಳಾಗುತ್ತದೆ. ಒಂದು ಮೂಲೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿದರೆ ಸುಮ್ಮನಿರಿಸಬೇಡಿ.

ಓದುಗರಲ್ಲೂ ಒಂದು ಮಾತು. ಈ ವಾರ ನೀವು ಓದುತ್ತಿರುವ ಕಥೆಯ ಹೆಸರನ್ನು ಕಟ್ಟೆಯ ಮೇಲೆ ಕುಳಿತವರಿಗೆ ಹೇಳಿ, ಮುಗಿದ ಮೇಲೆ ಪುಸ್ತಕವನ್ನು ಪಕ್ಕದ ಮನೆಗೆ ಕೊಡಿ. ಅವರು ಏನು ಓದುತ್ತಿದ್ದಾರೆಂದು ಕೇಳಿ ತಿಳಿಯಿರಿ. ಪುಸ್ತಕ ವಾಪಸ್ ಬರುವುದು ತಡವಾದರೆ ಬೇಸರಪಡಬೇಡಿ, ಅದನ್ನು ಇನ್ನೊಬ್ಬರು ಓದುತ್ತಿರುತ್ತಾರೆ.